ಎರಡು ಗಂಡು, ಒಂದು ಹೆಣ್ಣು: ಅದು ಆಗದಿದ್ದರೆ?

ಬ್ರಹ್ಮಪುರದ ಓಣಿ ಇರಲಿ, ಕಮಲಾಪುರದ ಹಳ್ಳಿ ಇರಲಿ, ಆರೋಗ್ಯ ಸಮೀಕ್ಷೆಯವರು ಬಂದರೆ ಮನೆಯ ಹೆಣ್ಣುಮಗಳಿಗೆ ಒಂದು ಪ್ರಶ್ನೆ ಕೇಳುತ್ತಾರೆ: ನಿಮಗೆ ಎಷ್ಟು ಮಕ್ಕಳಿದ್ದರೆ ಸಾಕಿತ್ತು? ಕೇಳಲು ಸರಳ. ಆದರೆ ಇದರ ಹಿಂದೆ ದೊಡ್ಡ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ಕನ್ನಡ ನಾಡಿನಲ್ಲೇ ನಡೆಯಿತು.

1930ರಲ್ಲಿ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಚಿಕಿತ್ಸಾಲಯ ತೆರೆಯಿತು. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ಜನಸಂಖ್ಯಾ ಅಧ್ಯಯನ ನಡೆಸಿದವು. ಬೆಂಗಳೂರು ನಗರದಲ್ಲೂ ಹಳ್ಳಿಗಳಲ್ಲೂ ದಂಪತಿಗಳಿಗೆ ಎಷ್ಟು ಮಕ್ಕಳು ಬೇಕು ಎಂದು ಕೇಳಿದರು. ವರದಿ ಅಚ್ಚಾದದ್ದು 1961ರಲ್ಲಿ. ಅಧ್ಯಯನ ನಡೆದಾಗ ನಮ್ಮ ಗುಲ್ಬರ್ಗ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ನಮ್ಮ ಅಜ್ಜಿಯರ ಉತ್ತರ ಅದರಲ್ಲಿಲ್ಲ.

ಇಂಥ ಪ್ರಶ್ನೆಯಲ್ಲಿ ಒಂದು ತೊಡಕಿದೆ. ಮನುಷ್ಯ ಎಷ್ಟು ಮಕ್ಕಳು ಎಂಬುದನ್ನಷ್ಟೇ ಯೋಚಿಸುವುದಿಲ್ಲ, ಗಂಡೆಷ್ಟು ಹೆಣ್ಣೆಷ್ಟು ಎಂಬುದನ್ನೂ ಕೂಡಿಸಿ ಲೆಕ್ಕ ಹಾಕುತ್ತಾನೆ. ಎತ್ತು ಕೊಳ್ಳುವಾಗ ವಯಸ್ಸು, ಬಲ, ಬೆಲೆ ಮೂರನ್ನೂ ಒಟ್ಟಿಗೆ ತೂಗುತ್ತೇವಲ್ಲ, ಹಾಗೆ. ಹೀಗೆ ಕೂಡಿಸಿ ತೂಗುವ ಇಷ್ಟವನ್ನು ಅಳೆಯುವ ಗಣಿತವನ್ನು 1964ರಲ್ಲಿ ಲೂಸ್ ಮತ್ತು ಟ್ಯೂಕಿ ಎಂಬ ಅಮೆರಿಕದ ವಿದ್ವಾಂಸರು ಬರೆದರು. ಅದಕ್ಕೆ ಕಾಂಜಾಯಿಂಟ್ ಅಳತೆ ಎಂದು ಹೆಸರು.

1975ರಲ್ಲಿ ಕೂಂಬ್ಸ್ ದಂಪತಿ ಮತ್ತು ಮೆಕ್ಲೆಲೆಂಡ್ ಈ ಅಳತೆಯನ್ನು ಮಕ್ಕಳ ವಿಷಯಕ್ಕೆ ತಂದರು. ಅವರ ಉಪಾಯ ಸರಳ: ಮೊದಲ ಉತ್ತರವನ್ನೇ ಹಿಡಿದು ಮುಂದಿನ ಪ್ರಶ್ನೆ ಕಟ್ಟುವುದು. ಇಬ್ಬರು ಹೆಂಗಸರು ಇದ್ದಾರೆ ಎನ್ನಿ. ಮೂರು ಮಕ್ಕಳಾಗುವುದಾದರೆ ಎರಡು ಗಂಡು, ಒಂದು ಹೆಣ್ಣು ಇರಲಿ ಎಂದು ಇಬ್ಬರೂ ಹೇಳಿದರು. ಅದು ಆಗದಿದ್ದರೆ? ಒಬ್ಬಾಕೆ, ಮೂರೂ ಗಂಡೇ ಇರಲಿ ಎಂದಳು. ಇನ್ನೊಬ್ಬಾಕೆ, ಒಂದು ಗಂಡು, ಎರಡು ಹೆಣ್ಣಾದರೂ ಸರಿ ಎಂದಳು. ಮೊದಲ ಉತ್ತರ ಒಂದೇ, ಮನಸ್ಸು ಮಾತ್ರ ಬೇರೆ ಬೇರೆ.

ನಮ್ಮ ದೇಶದಲ್ಲಿ 1992-93ರಿಂದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯುತ್ತಿದೆ. ಎಷ್ಟು ಮಕ್ಕಳು ಎಂದು ಕೇಳಿದ ಮೇಲೆ, ಅದರಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಯಾವುದಾದರೂ ಆದೀತು ಎನ್ನುವವು ಎಷ್ಟು ಎಂದು ಅದರಲ್ಲಿ ಕೇಳುತ್ತಾರೆ. ಇದೂ ಉತ್ತರದ ಮೇಲೆ ಕಟ್ಟಿದ ಪ್ರಶ್ನೆಯೇ. ಆದರೆ 'ಅದು ಆಗದಿದ್ದರೆ?' ಎಂಬ ಮುಂದಿನ ಮೆಟ್ಟಿಲು ಅಲ್ಲಿಲ್ಲ.

ಇದು ಬರೀ ಲೆಕ್ಕದ ಮಾತಲ್ಲ. 2019-21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮನೆ ಚಿಕ್ಕದಾದಷ್ಟೂ ಗಂಡೇ ಬೇಕೆಂಬ ಹಟ ಹೆಣ್ಣುಕೂಸಿನ ಮೇಲೆ ಹೆಚ್ಚು ಭಾರವಾಗಿ ಬೀಳುತ್ತದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಬಂದದ್ದು ಆ ಹಟಕ್ಕೆ ಹೆದರಿಯೇ. 'ಎರಡು ಸಾಕು' ಎಂಬ ಉತ್ತರ ಬರೆದುಕೊಂಡು ಹೋದವರಿಗೆ ಆ ಹಟ ಕಾಣುವುದಿಲ್ಲ.

ಅತ್ತೆ ಪಕ್ಕದಲ್ಲಿ ಕುಳಿತಿದ್ದರೆ ಎರಡನೇ ಪ್ರಶ್ನೆಗೂ ನಿಜ ಹೊರಬರುವುದು ಕಷ್ಟ, ಒಪ್ಪೋಣ. ಆದರೆ ಕೇಳದೇ ಹೋದರೆ ಅದು ಹೊರಬರುವ ದಾರಿಯೇ ಇಲ್ಲ.