ಅತ್ತಿಯವರ ಟ್ರಂಕಿನ್ಯಾಗಿನ ಮೂರು ಕಾರ್ಡು

ಹೋದ ದೀಪಾವಳಿಗೆ ಮನಿ ಹಸನ ಮಾಡೂವಾಗ ಅತ್ತಿಯವರ ಟ್ರಂಕ್ ತಗದೆ. ಇಳಕಲ್ ಸೀರಿ ಕೆಳಗ ಒಂದು ಪ್ಲಾಸ್ಟಿಕ್ ಚೀಲ, ಅದರಾಗ ಮೂರು ಆರೋಗ್ಯ ಕಾರ್ಡು. ಒಗೀಲೇನ್ರಿ ಅಂತ ಕೇಳಿದ್ರ, "ಬ್ಯಾಡವಾ, ಇರಲಿ. ಮತ್ತ ಯಾವುದು ತಿರುಗಿ ಬರತೈತೋ ಯಾರಿಗೆ ಗೊತ್ತು" ಅಂದ್ರು. ಅವರು ಅಂದದ್ದು ಚ್ಯಾಷ್ಟಿ ಅಲ್ಲ. ಮೊದಲನೇ ಕಾರ್ಡಿನ ಮ್ಯಾಲೂ ಮೂರನೇ ಕಾರ್ಡಿನ ಮ್ಯಾಲೂ ಹೆಸರು ಒಂದ: ಯಶಸ್ವಿನಿ.

ಈ ಯಶಸ್ವಿನಿ ಸುರು ಆಗಿದ್ದು ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿ ಇದ್ದಾಗ, ಹೃದಯದ ಡಾಕ್ಟರ್ ದೇವಿ ಶೆಟ್ಟಿ ಅವರ ವಿಚಾರದ ಮ್ಯಾಲೆ. 2003ರ ಜೂನ್ 1ರಿಂದ ಜಾರಿ ಆತು. ಸಹಕಾರಿ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿ, ಅಂದ್ರ ವರ್ಷಕ್ಕ 60 ರೂಪಾಯಿ ಕಟ್ಟಿದ್ರ ಸಾಕು, ಸುಮಾರು 1,600 ನಮೂನಿ ಆಪರೇಶನ್ ಪುಕ್ಕಟ. ಜ್ವರಾ ನೆಗಡಿಗೆಲ್ಲಾ ಅಲ್ಲ, ಆಪರೇಶನ್‌ಗೆ ಅಷ್ಟ. ಮೊದಲನೇ ವರ್ಷನ 16 ಲಕ್ಷ ಮಂದಿ ಸೇರಿದ್ರು. ಹೊಲಾ ಮನಿ ಮಾಡೂ ಮಂದಿಗೆ ವಿಮಾ ಅನ್ನೂದು ಅಲ್ಲೀತನಕ ಎತ್ತಿಗೆ ಮಾಡಸೂದಾಗಿತ್ತು, ಮನಶ್ಯಾಗಲ್ಲ.

ನಮ್ಮ ಮನಿಯಾಗ 2004ರಾಗ ಮಾಡಿಸಿದ್ವಿ. ಸೊಸೈಟಿ ಸೆಕ್ರೆಟರಿ ಕಟ್ಟಿ ಮ್ಯಾಲೆ ಕುಂತು ಹೆಸರು ಬರಕೊಂಡ್ರು. ಮಾವನವರದು ಆತು, ಅತ್ತಿಯವರದು ಆತು, ನಂದೂ ಆತು. ಆಯಿ ಒಳಗಿಂದ ಎದ್ದು ಬಂದು, "ನಂದು ಯಾಕ ಬರೀವಲ್ಲಿ?" ಅಂತ ಕೇಳಿದ್ರು. ಅವರಿಗೆ ಆಗ 78. ಯೋಜನಾದಾಗ 75ರ ಮ್ಯಾಲೆ ಇದ್ದವರಿಗೆ ಜಾಗಾ ಇರಲಿಲ್ಲ. ಸೆಕ್ರೆಟರಿ ತೆಳಗ ನೋಡಿ, "ನಿಮಗೇನಾಗೈತಿ ಆಯಿ, ಗಟ್ಟಿ ಅದೀರಿ" ಅಂದ್ರು. ಆಯಿ ಹೊಳ್ಳಿ ಒಳಗ ಹೋಗಿ ಜ್ವಾಳಾ ಹಸನ ಮಾಡಕೋತ ಕುಂತ್ರು. ಆ ಮಾರಿ ನನಗ ಇನ್ನೂ ಕಣ್ಣಾಗ ಐತಿ.

ಮುಂದ ಕಟ್ಟೂ ರೊಕ್ಕ ಏರಿತು, ಆದ್ರೂ ಬಿಡಲಿಲ್ಲ. ಅತ್ತಿಯವರ ಗರ್ಭಚೀಲದ ಆಪರೇಶನ್ ಅದ ಕಾರ್ಡಿನ ಮ್ಯಾಲೆ ಆತು. ಗರ್ಭಚೀಲ ಜಾರಿ ಹತ್ತು ವರ್ಷ ಆಗಿತ್ತಂತ, ಯಾರ ಮುಂದೂ ಹೇಳಿರಲಿಲ್ಲ. ರೊಕ್ಕ ಬೀಳೂದಿಲ್ಲ ಅಂತ ಗೊತ್ತಾದ ಮ್ಯಾಲೆನ ಬಾಯಿ ಬಿಟ್ರು.

2018ರ ಮೇ 31ಕ್ಕ ಯಶಸ್ವಿನಿ ಬಂದ್ ಆತು. ಎಲ್ಲಾ ಯೋಜನಾ ಕೂಡಿಸಿ ಆರೋಗ್ಯ ಕರ್ನಾಟಕ ಅಂತ ಮಾಡಿದ್ರು, ಮುಂದ ಅದಕ ಆಯುಷ್ಮಾನ್ ಭಾರತ ಸೇರಿತು. ರೊಕ್ಕ ಕಟ್ಟೂ ಕೆಲಸಾ ಇಲ್ಲ ಅಂತ ಕೇಳಿ ಖುಷಿ ಆಗಿತ್ತು. ಆದ್ರ ಮೊದಲು ಸರಕಾರಿ ದವಾಖಾನಿಗೆ ಹೋಗಬೇಕು, ಅಲ್ಲಿ ಆಗಂಗಿಲ್ಲ ಅಂದ್ರ ಅವರು ಚೀಟಿ ಕೊಡಬೇಕು, ಆಮ್ಯಾಲೆ ಖಾಸಗಿ. ಬಿಪಿಎಲ್ ಇದ್ದವರಿಗೆ 5 ಲಕ್ಷದ ತನಕ ಪೂರಾ, ಎಪಿಎಲ್‌ನವರಿಗೆ ಸರಕಾರ ಕೊಡೂದು ಖರ್ಚಿನ ನೂರಕ್ಕ 30 ಅಷ್ಟ. ಕಬ್ಬಿನ ಹೊಲ ಐತಿ ಅಂತ ನಮ್ಮದು ಎಪಿಎಲ್.

ಆಗಸ್ಟ್‌ನ್ಯಾಗ ಅತ್ತಿಯವರಿಗೆ ಹೊಟ್ಟಿನೋವು ಬಂತು, ಪಿತ್ತಕೋಶದಾಗ ಕಲ್ಲು ಅಂದ್ರು. 72ರ ವಯಸ್ಸು. ಒಂದು ದವಾಖಾನಿಯಿಂದ ಇನ್ನೊಂದಕ್ಕ ಚೀಟಿ ಸಲುವಾಗಿ ಮೂರು ಸಲ ಅಡ್ಡಾಡಿಸಿದ್ರು. ಬಸ್ಸಿನ್ಯಾಗ ಅವರು ಹೊಟ್ಟಿ ಹಿಡಕೊಂಡು, ಹಳೇ ಕಾರ್ಡು ಸೆರಗಿನ ಗಂಟಿನ್ಯಾಗ ಕಟಗೊಂಡು ಕುಂತಿದ್ರು. ಹದಿನಾಲ್ಕು ವರ್ಷ ಕಟ್ಟಿದ್ದಕ್ಕ ಏನೂ ಕಿಮ್ಮತ್ತಿರಲಿಲ್ಲ. ಕಡೀಕ ಖಾಸಗಿಯಾಗ ಮಾಡಿಸಿದ್ವಿ. ಕಬ್ಬಿನ ಬಿಲ್ಲು ಬರಾಕ ಇನ್ನೂ ತಿಂಗಳುಗಟ್ಲೆ ಇತ್ತು. ಕಾರ್ಡು ಮಾಡಿಸಿದ್ದ ಸೊಸೈಟಿಯೊಳಗನ ಸಾಲ ತಗದ್ವಿ.

ರೈತರ ಒತ್ತಾಯಕ್ಕ ಸರಕಾರ ಯಶಸ್ವಿನಿಯನ್ನ ತಿರುಗಿ ತಂತು. 2022ರ ನವೆಂಬರ್‌ನಿಂದ ಹೆಸರು ಹಚ್ಚಿದ್ರು, 2023ರ ಜನವರಿಯಿಂದ ಚಾಲೂ. ಹಳ್ಳಿಯೊಳಗ ನಾಕ ಮಂದಿ ಮನಿಗೆ 500 ರೂಪಾಯಿ, ಮ್ಯಾಲಿನ ಒಬ್ಬೊಬ್ಬರಿಗೆ 100. ಅದು ಮೂರನೇ ಕಾರ್ಡು.

ಇದೆಲ್ಲಾ ನೋಡಿದ್ದಕ್ಕನ ತಮ್ಮಗ ಹೇಳಾಕ ಬಂತು. ಅಂವ ಪುಣೇದಾಗ ಇರತಾನ, ನಮ್ಮವ್ವನ ಹೆಸರಿಲೆ ಖಾಸಗಿ ಪಾಲಿಸಿ ಐತಿ, ಅವ್ವಗ ಶುಗರ್. ಕಂತು ಏರಿತು ಅಂತ, "ಇದನ್ನ ಬಿಟ್ಟು ಬ್ಯಾರೇ ಕಂಪನಿಯಾಗ ಹೊಸಾದು ಮಾಡಸ್ತೇನಿ" ಅಂದ. ಬಿಡಬ್ಯಾಡೋ, ವರ್ಗಾ ಮಾಡಸು ಅಂದೆ. 2011ರ ಅಕ್ಟೋಬರ್‌ನಿಂದ ಆ ಸವಲತ್ತು ಐತಿ. ಬಿಟ್ಟು ಹೊಸಾದು ಮಾಡಿಸಿದ್ರ ಹಳೇ ರೋಗಕ್ಕ ಕಾಯೂ ವರ್ಷ ಮತ್ತ ಒಂದರಿಂದ ಸುರು. ವರ್ಗಾ ಮಾಡಿಸಿದ್ರ ಕಾದ ವರ್ಷ ಬೆನ್ನಹತ್ತಿ ಬರತಾವ. ಪಾಲಿಸಿ ತೀರೂದಕ್ಕ 45 ದಿನಾ ಮೊದಲ ಅರ್ಜಿ ಕೊಡಬೇಕು. ವಿಮಾದ ಮೊತ್ತ ಹೆಚ್ಚಿಸಿಕೊಂಡ್ರ, ಹೆಚ್ಚಿಸಿದಷ್ಟಕ್ಕ ಮತ್ತ ಕಾಯಬೇಕು. ಹೊಸ ಕಂಪನಿ ಒಲ್ಲೆ ಅನ್ನಾಕೂ ಬರತೈತಿ, ಅದಕ ಅವರು ಹೂಂ ಅನ್ನೂತನಕ ಹಳೇದರ ಕಂತು ತಪ್ಪಿಸಬಾರದು.

ತಮ್ಮ ಅರ್ಜಿ ಹಾಕ್ಯಾನ. ಉತ್ತರ ಇನ್ನೂ ಬಂದಿಲ್ಲ. ಅತ್ತಿಯವರು ದಿನಾ ಸಂಜಿಗೆ ಕೇಳ್ತಾರ, "ನಿಮ್ಮವ್ವಂದು ಏನಾತು? ಹಳೇದು ಬಿಟ್ಟಿಲ್ಲಲ್ಲ?"