‘ಹಂಪಿ ಅರಮನೆಯ ಮರದ ಬಟ್ಟಲು’: ಕೊಳ್ಳುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ ತಿಳಿಯಬೇಕಾದ್ದು

ಹೇಳಿಕೆ: ‘ಇದು ವಿಜಯನಗರ ಅರಮನೆಯ ತೊಲೆಯಿಂದ ಮಾಡಿದ ಬಟ್ಟಲು. 500 ವರ್ಷದ ಮರ. ಬಣ್ಣ ನೋಡಿದರೇ ಗೊತ್ತಾಗುತ್ತದೆ. ಇದರಲ್ಲಿ ಉಂಡರೆ ಆರೋಗ್ಯಕ್ಕೂ ಒಳ್ಳೆಯದು.’

ಚುಟುಕು ಉತ್ತರ: ಹಂಪಿಯ ಅರಮನೆಗಳಲ್ಲಿ ಮರ ಹೇರಳವಾಗಿತ್ತು, ಆದರೆ ಅದು ಉಳಿದಿಲ್ಲ. ಕಪ್ಪು ಬಣ್ಣ ವಯಸ್ಸಿಗೆ ಸಾಕ್ಷಿಯಲ್ಲ. ಹಳೆಯ ಮನೆಯ ಮರದಲ್ಲಿ ಸೀಸದ ಬಣ್ಣ, ಗೆದ್ದಲಿನ ಔಷಧಿ ಇರಬಹುದು, ಆದ್ದರಿಂದ ಊಟಕ್ಕೆ ಬಳಸುವುದು ಅಪಾಯ. ಬಟ್ಟಲು ನಿಜವಾಗಿಯೂ ಅಷ್ಟು ಹಳೆಯದಾಗಿದ್ದರೆ ಅದನ್ನು ರಸ್ತೆ ಬದಿಯಲ್ಲಿ ಮಾರುವುದಕ್ಕೆ ಕಾನೂನು ಒಪ್ಪುವುದಿಲ್ಲ.

ಇಂಥ ಸಂದೇಶ ನಿಮ್ಮ ಫೋನಿಗೆ ಬಂದರೆ, ಅಥವಾ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆ ಹೋದಾಗ ಯಾರಾದರೂ ಇಂಥ ಬಟ್ಟಲು ಕೈಗಿತ್ತರೆ ಏನು ನೋಡಬೇಕು, ಏನು ಕೇಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಹಂಪಿಯ ಮರ ಎಲ್ಲಿ ಹೋಯಿತು?

ಹಂಪಿ ಎಂದರೆ ನಮಗೆ ಕಲ್ಲು ನೆನಪಾಗುತ್ತದೆ. ಆದರೆ ಅರಸರ ವಾಸದ ಕಟ್ಟಡಗಳಲ್ಲಿ ಕಲ್ಲು ಇದ್ದದ್ದು ಹೆಚ್ಚಾಗಿ ತಳದಲ್ಲಿ ಮಾತ್ರ. ಅದರ ಮೇಲಿನ ಕಂಬ, ತೊಲೆ, ಛಾವಣಿಗೆ ಮರ ಬಳಸುತ್ತಿದ್ದರು. ರಾಜಾವರಣದ ಸಭಾಮಂಟಪಕ್ಕೆ ಹೋದರೆ ಹತ್ತು ಸಾಲುಗಳಲ್ಲಿ ಹತ್ತು ಹತ್ತರಂತೆ ನೂರು ಕಂಬಗಳ ಕಲ್ಲಿನ ತಳಗಳು ಕಾಣುತ್ತವೆ. ಮೇಲೆ ಒಂದೂ ಕಂಬವಿಲ್ಲ, ಏಕೆಂದರೆ ಅವು ಮರದವು. ಮಹಾನವಮಿ ದಿಬ್ಬದ ಮೇಲೆಯೂ ಮರದ ಮಂಟಪ ಇತ್ತು ಎಂಬುದಕ್ಕೆ ಗುರುತುಗಳಿವೆ. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಮನೆಯಲ್ಲಿ ದಂತದ ಹೂವಿನ ಕೆತ್ತನೆ ತುಂಬಿದ ಕೋಣೆಯೊಂದನ್ನು ಕಂಡದ್ದಾಗಿ ಬರೆದಿದ್ದಾನೆ.

1565ರ ಜನವರಿಯಲ್ಲಿ ರಕ್ಕಸ-ತಂಗಡಿ ಯುದ್ಧವಾಯಿತು. ನಾವು ಸಾಮಾನ್ಯವಾಗಿ ತಾಳಿಕೋಟೆ ಯುದ್ಧ ಎನ್ನುವುದು ಇದನ್ನೇ. ಅದರ ನಂತರ ರಾಜಧಾನಿಯನ್ನು ತಿಂಗಳುಗಟ್ಟಲೆ ಲೂಟಿ ಮಾಡಿ ಸುಟ್ಟರು. ಮರದ ಕಟ್ಟಡಗಳು ಮೊದಲು ಉರಿದವು. ಕಮಲ ಮಹಲು, ಗಜಶಾಲೆಯಂಥ ಕಲ್ಲು, ಇಟ್ಟಿಗೆ, ಗಾರೆಯ ಕಟ್ಟಡಗಳು ಉಳಿದುಕೊಂಡವು. ಬೆಂಕಿಯಿಂದ ಪಾರಾದ ಅಷ್ಟಿಷ್ಟು ಮರವನ್ನು ಮಳೆ, ಬಿಸಿಲು, ಗೆದ್ದಲು ಬಿಡಲಿಲ್ಲ. ಮರ ಶತಮಾನಗಟ್ಟಲೆ ಉಳಿಯಬೇಕಾದರೆ ಮರುಭೂಮಿಯಂತೆ ಪೂರ್ತಿ ಒಣಗಿರಬೇಕು, ಇಲ್ಲವೇ ಗಾಳಿ ಸೋಕದಂತೆ ನೀರು, ಕೆಸರಿನಲ್ಲಿ ಮುಳುಗಿರಬೇಕು. ಒಂದು ಮಳೆಗಾಲ ನೆನೆದು ಮರು ಬೇಸಿಗೆ ಬಿರುಕು ಬಿಡುವ ಹಂಪಿಯ ನೆಲದಲ್ಲಿ ಈ ಎರಡೂ ಇಲ್ಲ.

ಹಾಗಾದರೆ ವಿಜಯನಗರದ ಊಟದ ಸಾಮಾನು ಏನೂ ಉಳಿದಿಲ್ಲವೇ? ಉಳಿದಿದೆ, ಆದರೆ ಮರದ್ದಲ್ಲ. ಕಮಲಾಪುರದಿಂದ ಹಂಪಿಗೆ ಹೋಗುವ ದಾರಿಯ ಪಕ್ಕ ‘ಭೋಜನಶಾಲೆ’ ಎಂದು ಕರೆಯುವ ಜಾಗವಿದೆ. ನೀರಿನ ಕಾಲುವೆಯ ಎರಡೂ ಕಡೆ ಕಲ್ಲಿನಲ್ಲೇ ಕೊರೆದ ತಟ್ಟೆಗಳು ಸಾಲಾಗಿವೆ. ಅನ್ನಕ್ಕೆ ದೊಡ್ಡ ಜಾಗ, ಪಲ್ಯ-ಚಟ್ನಿಗಳಿಗೆ ಸಣ್ಣ ಸಣ್ಣ ಗುಳಿ. ಇನ್ನು ಅಧಿಕಾರಿಗಳು, ಶ್ರೀಮಂತರು ವಾಸವಿದ್ದ ಭಾಗದ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ‘ವಿಜಯನಗರದ ಕಾಲದ ತಟ್ಟೆ’ ನೋಡುವ ಆಸೆ ಇದ್ದವರು ಭೋಜನಶಾಲೆಗೆ ಹೋಗಿ ಬರಬಹುದು.

ಮಾರುಕಟ್ಟೆಗೆ ಬರುವ ಹಳೆ ಮರ ಯಾವುದು?

ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ತೇಗದ ಕಂಬ, ಬೋದಿಗೆ, ತೊಲೆ, ಜಂತಿ, ತಲೆಬಾಗಿಲ ಚೌಕಟ್ಟು ಇರುತ್ತಿದ್ದವು. ಆರ್‌ಸಿಸಿ ಮನೆ ಕಟ್ಟಲು ಅವನ್ನು ಕೆಡವಿದಾಗ ಮರ ಹಳೆ ಕಟ್ಟಿಗೆ ವ್ಯಾಪಾರಿಗಳ ಕೈಗೆ ಹೋಗುತ್ತದೆ. ಅಲ್ಲಿಂದ ಅದು ಟೀಪಾಯಿ, ಕನ್ನಡಿ ಚೌಕಟ್ಟು, ಟ್ರೇ, ಬಟ್ಟಲು ಆಗಬಹುದು. ಇದರಲ್ಲಿ ಮೋಸವೇನೂ ಇಲ್ಲ. ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಥ ಅಂಶ ಮತ್ತು ಗೆದ್ದಲಿಗೆ ಹಿಡಿಸದ ರಾಸಾಯನಿಕ ಇರುವುದರಿಂದ ಮನೆಯೊಳಗೆ, ಸೂರಿನಡಿ ಅದು ತಲೆಮಾರುಗಳ ಕಾಲ ಬಾಳುತ್ತದೆ. ಹಳೆ ಮರ ಮರುಬಳಕೆಯಾದರೆ ಒಂದು ಹೊಸ ಮರ ಉಳಿಯುತ್ತದೆ. ತಾತನ ಕಾಲದ ಮನೆಯ ತೊಲೆಯನ್ನು ಕೃಷ್ಣದೇವರಾಯನ ಕಾಲಕ್ಕೆ ಏರಿಸಿ, ಬೆಲೆಯನ್ನೂ ಏರಿಸಿದಾಗ ಮೋಸ ಶುರುವಾಗುತ್ತದೆ.

ನಿಜಕ್ಕೂ ಪುರಾತನವಾದ ಮರದ ಕಟ್ಟಡವನ್ನು ಉಳಿಸುವುದು ಹೇಗೆ ಎಂಬುದಕ್ಕೆ ಹತ್ತಿರದಲ್ಲೇ ಉದಾಹರಣೆ ಇದೆ. ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ ಮಹಲನ್ನು ಬಿಚ್ಚಿ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅಲ್ಲಿ ಅದನ್ನು 1341ರ ಕಟ್ಟಡವೆಂದು ಪರಿಚಯಿಸುತ್ತಾರೆ. ಅದರ ಮರವನ್ನು ತುಂಡು ಮಾಡಿ ಬಟ್ಟಲು ಮಾಡಿದ್ದರೆ ಇವತ್ತು ನೋಡಲು ಏನೂ ಇರುತ್ತಿರಲಿಲ್ಲ. ಕಂಬ ಯಾವ ಮನೆಯದು, ಎಲ್ಲಿ ನಿಂತಿತ್ತು ಎಂಬ ಲೆಕ್ಕ ಜೊತೆಗಿದ್ದಾಗಲೇ ಅದು ಇತಿಹಾಸ ಹೇಳುತ್ತದೆ.

ಕಪ್ಪಾಗಿದ್ದರೆ ಹಳೆಯದೇ?

ಅಲ್ಲ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಾಗುವುದನ್ನು ನೀವು ಕಂಡಿರುತ್ತೀರಿ. ನೆಲ್ಲಿಕಾಯಿಯ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದಾಗ ಕಪ್ಪು ಬಣ್ಣ ಹುಟ್ಟುತ್ತದೆ. ಮರದಲ್ಲೂ ಟ್ಯಾನಿನ್ ಇರುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ನೆನೆಸಿಟ್ಟು ಆ ನೀರನ್ನು ಇಂಥ ಮರಕ್ಕೆ ಬಳಿದರೆ ಸ್ವಲ್ಪ ಹೊತ್ತಿನಲ್ಲೇ ಮರ ಕಪ್ಪಾಗುತ್ತದೆ. ಬಡಗಿಗಳಿಗೆ ಇದು ಗೊತ್ತಿರುವ ಕೆಲಸ. ಮೊಳೆಯ ತೂತು, ಹುಳು ಕೊರೆದ ಗುರುತು, ಹೊಗೆಯ ಕರೆ ಇವೂ ಅಷ್ಟೇ. ಮರ ಬಳಕೆಯಾಗಿತ್ತು ಎಂದು ಅವು ಹೇಳಬಹುದು, ಎಷ್ಟು ವರ್ಷ ಹಿಂದೆ ಎಂದು ಹೇಳಲಾರವು.

ಲ್ಯಾಬಿನಲ್ಲಿ ವಯಸ್ಸು ಪತ್ತೆಯಾಗುವುದಿಲ್ಲವೇ?

ಆಗುತ್ತದೆ, ಆದರೆ ಮಿತಿಗಳಿವೆ. ಮರ ಬೆಳೆಯುವಾಗ ಗಾಳಿಯಿಂದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ತೆಗೆದುಕೊಳ್ಳುತ್ತದೆ. ಆಮೇಲೆ ಅದು ನಿಧಾನಕ್ಕೆ ಕ್ಷಯಿಸುತ್ತದೆ. ಸುಮಾರು 5,730 ವರ್ಷಗಳಲ್ಲಿ ಅರ್ಧ ಮಾತ್ರ ಉಳಿಯುತ್ತದೆ. ಉಳಿದದ್ದನ್ನು ಅಳೆದು ವಯಸ್ಸು ಲೆಕ್ಕ ಹಾಕುತ್ತಾರೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯಂಥ ಕಡೆ ಈ ಪರೀಕ್ಷೆ ನಡೆಯುತ್ತದೆ.

ಮೊದಲ ಮಿತಿ: ಸುಮಾರು 1650ರಿಂದ 1950ರವರೆಗಿನ ಮರಕ್ಕೆ ಈ ವಿಧಾನ ಒಂದು ಖಚಿತ ಇಸವಿಯನ್ನು ಕೊಡುವುದು ಕಷ್ಟ. ಬೇರೆ ಬೇರೆ ಕಾಲದ ಮರಗಳು ಒಂದೇ ಬಗೆಯ ಉತ್ತರ ಕೊಡುತ್ತವೆ.

ಎರಡನೆಯದು: ಪರೀಕ್ಷೆ ಹೇಳುವುದು ಆ ಉಂಗುರ ಮರದಲ್ಲಿ ಬೆಳೆದ ಕಾಲವನ್ನು, ಬಟ್ಟಲು ಕೆತ್ತಿದ ಕಾಲವನ್ನಲ್ಲ. ಹಳೆ ತೊಲೆಯಿಂದ ನಿನ್ನೆ ಕೆತ್ತಿದ ಬಟ್ಟಲೂ ‘ಹಳೆಯದು’ ಎಂದೇ ಬರುತ್ತದೆ.

ಮೂರನೆಯದು: ಆ ಮರ ಹಂಪಿಯ ಅರಮನೆಯದೋ ಕಂಪ್ಲಿಯ ಯಾವುದೋ ಮನೆಯದೋ ಎಂದು ಈ ಪರೀಕ್ಷೆ ಹೇಳುವುದಿಲ್ಲ.

ತೇಗದಲ್ಲಿ ವರ್ಷಕ್ಕೊಂದು ಉಂಗುರ ಮೂಡುವುದರಿಂದ ಉಂಗುರಗಳ ವಿನ್ಯಾಸ ಹೋಲಿಸಿಯೂ ಕಾಲ ಪತ್ತೆ ಮಾಡಬಹುದು. ಪುಣೆಯ ವಿಜ್ಞಾನಿಗಳು ತೇಗದ ಉಂಗುರಗಳಿಂದ ಹಳೆಯ ಮಳೆಗಾಲಗಳನ್ನು ಅಧ್ಯಯನ ಮಾಡಿದ್ದಾರೆ. ಆದರೆ ಅದಕ್ಕೆ ಅನೇಕ ಉಂಗುರಗಳಿರುವ ದೊಡ್ಡ ತುಂಡು ಬೇಕು, ಸಣ್ಣ ಬಟ್ಟಲು ಸಾಲದು.

ಬೇರೆ ದೇಶಗಳಲ್ಲಿ ಹೇಗೆ?

ಮರದ ಊಟದ ಸಾಮಾನನ್ನು ಹುಡುಕಿ ಸಂಗ್ರಹಿಸುವವರು ಡೆನ್ಮಾರ್ಕ್, ಸ್ವೀಡನ್ ಕಡೆಯ 1950-60ರ ದಶಕದ ವಸ್ತುಗಳಿಗೆ ಒಳ್ಳೆಯ ಬೆಲೆ ಕೊಡುತ್ತಾರೆ. 1954ರಲ್ಲಿ ಅಮೆರಿಕದ ನಿರೆನ್‌ಬರ್ಗ್ ದಂಪತಿ ಶುರುಮಾಡಿದ ಡ್ಯಾನ್ಸ್ಕ್ ಕಂಪನಿಗೆ ಡೆನ್ಮಾರ್ಕ್‌ನ ಯೆನ್ಸ್ ಕ್ವಿಸ್ಟ್‌ಗಾರ್ಡ್ ರೂಪಿಸಿದ ‘ಫ್ಯೋರ್ಡ್’ ಚಾಕು-ಚಮಚಗಳು ಇದಕ್ಕೆ ಹೆಸರುವಾಸಿ. ಅವುಗಳ ಹಿಡಿಕೆ ತೇಗದ್ದು, ನಮ್ಮ ಮನೆಯ ತೊಲೆಯ ಜಾತಿಯದೇ ಮರ. ಆದರೆ ಅವುಗಳಿಗೆ ಬೆಲೆ ಬಂದಿರುವುದು ಯಾವುದೋ ಅರಮನೆಯ ಕಥೆಯಿಂದಲ್ಲ. ರೂಪಿಸಿದವರು ಯಾರು, ಯಾವಾಗ ಮಾಡಿದ್ದು ಎಂಬುದಕ್ಕೆ ಮುದ್ರೆ ಇದೆ. ಕೊಳ್ಳುವವರು ವಸ್ತುವನ್ನು ತಿರುಗಿಸಿ, ಆರಂಭದ ವರ್ಷಗಳ ನಾಲ್ಕು ಬಾತುಕೋಳಿಯ ಗುರುತು ಇದೆಯೇ ಎಂದು ನೋಡುತ್ತಾರೆ.

ನಿಜವಾದ ಐತಿಹಾಸಿಕ ಮರದ ಕಥೆ ಬೇರೆಯೇ. 1628ರಲ್ಲಿ ಮುಳುಗಿದ ಸ್ವೀಡನ್ನಿನ ‘ವಾಸಾ’ ಯುದ್ಧನೌಕೆಯನ್ನು 1961ರಲ್ಲಿ ಮೇಲೆತ್ತಿದರು. ಮರ ಒಣಗಿ ಸುಕ್ಕಾಗದಂತೆ 17 ವರ್ಷ ರಾಸಾಯನಿಕ ದ್ರಾವಣ ಸಿಂಪಡಿಸಿದರು. ಅಷ್ಟಾದರೂ 2000ರ ಸುಮಾರಿಗೆ ಮರದೊಳಗೆ ಗಂಧಕದ ಆಮ್ಲ ಹುಟ್ಟುತ್ತಿರುವುದು ಕಂಡುಬಂತು. ಶತಮಾನಗಳಷ್ಟು ಹಳೆಯ ಮರ ಎಷ್ಟು ನಾಜೂಕು ಎಂಬುದಕ್ಕೆ ಇದು ಸಾಕ್ಷಿ. ಅಂಥದ್ದರಲ್ಲಿ ಸಾರು ಕಲಸಿ ಉಣ್ಣುವುದನ್ನು ಯಾವ ಮ್ಯೂಸಿಯಂನವರೂ ಒಪ್ಪಲಾರರು.

ಹಳೆ ಮರದ ಬಟ್ಟಲಲ್ಲಿ ಉಣ್ಣಬಹುದೇ?

ಮರವೇ ಕೆಟ್ಟದ್ದಲ್ಲ. ಕಡಗೋಲು, ಲಟ್ಟಣಿಗೆ, ಚಪಾತಿ ಮಣೆ, ಮರದ ಸೌಟು ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದಲೂ ಇವೆ. ಅಮೆರಿಕದ ಸೂಕ್ಷ್ಮಜೀವಿ ತಜ್ಞ ಡೀನ್ ಕ್ಲಿವರ್ 1990ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ, ತರಕಾರಿ ಹೆಚ್ಚುವ ಮರದ ಮಣೆಯ ಮೇಲೆ ಬಿದ್ದ ಬ್ಯಾಕ್ಟೀರಿಯಾ ಒಳಕ್ಕಿಳಿದು ಕ್ರಮೇಣ ಸಾಯುವುದು ಕಂಡುಬಂದಿತ್ತು. ಚೆನ್ನಾಗಿ ತೊಳೆದು ಒಣಗಿಸಿದ ಮರ ಪ್ಲಾಸ್ಟಿಕ್‌ಗಿಂತ ಕೊಳಕು ಎನ್ನಲು ಆಧಾರವಿಲ್ಲ.

ಬಾಗಿಲು, ಕಿಟಕಿ, ತೊಲೆಯಾಗಿದ್ದ ಮರದ ವಿಷಯ ಬೇರೆ. ಅವನ್ನು ಊಟಕ್ಕೆಂದು ಸಿದ್ಧ ಮಾಡಿರಲಿಲ್ಲ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಭಾರತದಲ್ಲಿ ಮನೆಬಳಕೆಯ ಬಣ್ಣಕ್ಕೆ 90 ಪಿಪಿಎಂ ಸೀಸದ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ, ಇದಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ. ಗೆದ್ದಲು ಬಾರದಂತೆ ಹಳೆಯ ಮರಕ್ಕೆ ಕೀಟನಾಶಕ, ಟಾರು, ಬಳಸಿದ ಎಂಜಿನ್ ಆಯಿಲ್ ಬಳಿದಿರಲೂಬಹುದು. ಇವು ಮರದೊಳಗೆ ಇಳಿದಿರುತ್ತವೆ. ಮೇಲೆ ಉಜ್ಜಿ ಪಾಲಿಶ್ ಮಾಡಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಬಿಸಿ, ಹುಳಿ, ಎಣ್ಣೆಯ ಪದಾರ್ಥ ಹಾಕಿದಾಗ ಊಟಕ್ಕೆ ಸೇರಬಹುದು. ಹುಣಸೆಹುಳಿಯ ಬಿಸಿ ಸಾರು ಈ ಮೂರನ್ನೂ ಒಟ್ಟಿಗೆ ತರುತ್ತದೆ.

ಆದ್ದರಿಂದ ಹಳೆ ಕಟ್ಟಡದ ಮರದ ಬಟ್ಟಲನ್ನು ಅಲಂಕಾರಕ್ಕೆ ಇಡಿ, ಊಟಕ್ಕೆ ಬೇಡ. ಮನೆಯಲ್ಲೇ ಹಳೆ ಬಾಗಿಲ ಬಣ್ಣ ಕೆರೆಯುವುದಿದ್ದರೆ ಮಕ್ಕಳು, ಗರ್ಭಿಣಿಯರು ಆ ಧೂಳಿನಿಂದ ದೂರವಿರಲಿ.

ಇದೇ ಸಾಲಿನ ಇನ್ನೊಂದು ಮಾತು ಹೊನ್ನೆ ಮರದ ಲೋಟದ್ದು. ಅದರಲ್ಲಿ ರಾತ್ರಿಯಿಟ್ಟ ನೀರು ಬಣ್ಣ ತಿರುಗುವುದು ನಿಜ. ಅದನ್ನು ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬುದು ಸಾಬೀತಾಗಿಲ್ಲ. ಲೋಟ ನಂಬಿ ಮಾತ್ರೆ, ಇನ್ಸುಲಿನ್ ನಿಲ್ಲಿಸಬೇಡಿ.

ಕಾನೂನು ಏನು ಹೇಳುತ್ತದೆ?

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ, ನೂರು ವರ್ಷಕ್ಕೂ ಹಳೆಯದಾದ ಕಲಾವಸ್ತು ಮಾತ್ರವಲ್ಲ, ಅಷ್ಟು ಹಳೆಯ ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಪ್ರಾಚ್ಯವಸ್ತುವೇ. ಅದರ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಖಾಸಗಿಯವರು ಅದನ್ನು ವಿದೇಶಕ್ಕೆ ಒಯ್ಯುವಂತಿಲ್ಲ. ತಪ್ಪಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಸಂರಕ್ಷಿತ ಸ್ಮಾರಕದಿಂದ ಏನನ್ನಾದರೂ ಕಿತ್ತು ತೆಗೆಯುವುದು ಬೇರೆಯೇ ಅಪರಾಧ. ಅದಕ್ಕೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ.

ಅಂದರೆ ‘500 ವರ್ಷದ ಹಂಪಿ ಬಟ್ಟಲು’ ಎಂದು ಲೈಸೆನ್ಸ್ ಇಲ್ಲದೆ ಮಾರುವವರ ಮಾತು ಸುಳ್ಳಾದರೆ ನಿಮ್ಮ ಹಣ ಹೋಗುತ್ತದೆ, ನಿಜವಾದರೆ ನೀವು ಕೇಸಿಗೆ ಸಿಕ್ಕಿಕೊಳ್ಳಬಹುದು. ಊರಿಗೆ ಬಂದು ಹೋಗುವ ವಿದೇಶದ ನೆಂಟರಿಗೂ ಇದನ್ನು ಹೇಳಿ.

ಕೊಳ್ಳುವ ಮುನ್ನ ಕೇಳಿ

1. ಮರ ಯಾವ ಊರಿನ, ಯಾವ ಕಟ್ಟಡದ್ದು? ಕೆಡವುವ ಮುಂಚಿನ ಫೋಟೊ ಇದೆಯೇ?
2. ಬಟ್ಟಲು ಕೆತ್ತಿದವರು ಯಾರು, ಯಾವಾಗ?
3. ಮೊದಲು ಬಣ್ಣ ಇತ್ತೇ? ಈಗ ಬಳಿದಿರುವ ಪಾಲಿಶ್ ಊಟಕ್ಕೆ ತಕ್ಕದ್ದೇ?
4. ನೂರು ವರ್ಷ ದಾಟಿದೆ ಎನ್ನುವುದಾದರೆ ಲೈಸೆನ್ಸ್ ತೋರಿಸಿ, ಬಿಲ್ಲಿನಲ್ಲಿ ಅದನ್ನು ಬರೆದುಕೊಡಿ.

ನಾಲ್ಕನೆಯದನ್ನು ಕೇಳಿದಾಗ ವರ್ಷಗಳ ಲೆಕ್ಕ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಗಮನಿಸಿ.

ಊಟಕ್ಕೇ ಮರದ ಬಟ್ಟಲು ಬೇಕಿದ್ದರೆ, ಊಟಕ್ಕೆಂದೇ ಮಾಡಿದ, ಬಣ್ಣವಿಲ್ಲದ ಹೊಸ ಮರದ್ದನ್ನು ಕೊಳ್ಳಿ. ನೆನೆಸಿಡಬೇಡಿ, ತೊಳೆದ ಕೂಡಲೇ ಒರೆಸಿ ನೆರಳಲ್ಲಿ ಒಣಗಿಸಿ, ಬಿರುಕು ಬಿಟ್ಟರೆ ಬಳಸಬೇಡಿ. ಹಂಪಿಯ ನೆನಪಿಗೆ ಏನಾದರೂ ಬೇಕಿದ್ದರೆ ಕಿನ್ನಾಳದ ಮರದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ ಹತ್ತಿರದಲ್ಲೇ ಸಿಗುತ್ತವೆ. ಅವನ್ನು ಇಂದಿನ ಕುಶಲಕರ್ಮಿಗಳು ಮಾಡಿದ್ದು, ಮಾರುವವರೂ ಹಾಗೆಂದೇ ಹೇಳುತ್ತಾರೆ.

ಗುಂಪಿಗೆ ಕಳಿಸುವುದಾದರೆ ಇಷ್ಟು ಕಳಿಸಿ: ‘ಹಂಪಿ ಅರಮನೆಯ ಮರ 1565ರ ನಂತರ ಸುಟ್ಟುಹೋಯಿತು. ಕಪ್ಪು ಬಣ್ಣ ವಯಸ್ಸಿನ ಗುರುತಲ್ಲ. ಹಳೆ ಬಾಗಿಲು, ತೊಲೆಯ ಮರದ ಬಟ್ಟಲಲ್ಲಿ ಮಕ್ಕಳಿಗೆ ಊಟ ಕೊಡಬೇಡಿ. ನೂರು ವರ್ಷ ದಾಟಿದ ವಸ್ತು ಎಂದರೆ ಲೈಸೆನ್ಸ್ ಕೇಳಿ.’