ಬೆರಳಚ್ಚು ವಂಚನೆ

ಬೆರಳಚ್ಚು ವಂಚನೆ : ಒಬ್ಬರ ಬೆರಳಿನ ಗೆರೆಗಳ ನಕಲು ಮಾಡಿ, ಅದನ್ನು ಆಧಾರ್ ಯಂತ್ರಕ್ಕೆ ಒತ್ತಿ, ಅವರ ಬ್ಯಾಂಕ್ ಖಾತೆಯ ಹಣ ತೆಗೆಯುವ ಅಪರಾಧ. ಕರ್ನಾಟಕದಲ್ಲಿ ಇದು ಎಲ್ಲರ ಗಮನಕ್ಕೆ ಬಂದದ್ದು 2023ರಲ್ಲಿ. ಒಟಿಪಿ ಕೇಳುವ ಕರೆಗೋ ಸುಳ್ಳು ಲಿಂಕಿಗೋ ಮೋಸಹೋದವರು ಏನಾದರೊಂದನ್ನು ತಾವೇ ಹೇಳಿರುತ್ತಾರೆ ಇಲ್ಲವೆ ಒತ್ತಿರುತ್ತಾರೆ. ಇಲ್ಲಿ ಹಾಗಲ್ಲ, ಮೊಬೈಲನ್ನೇ ಮುಟ್ಟದವರ ಹಣವೂ ಹೋಗುತ್ತದೆ.

ವ್ಯವಸ್ಥೆ : ಎಇಪಿಎಸ್ ಎನ್ನುವ ಆಧಾರ್ ಪಾವತಿ ವ್ಯವಸ್ಥೆಯನ್ನು ರೂಪಿಸಿದ್ದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಸಣ್ಣ ಯಂತ್ರಕ್ಕೆ ಬೇಕಾದದ್ದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಒಂದು ಬೆರಳು. ಕಾರ್ಡು, ಪಿನ್, ಒಟಿಪಿ ಬೇಡ. ಒಂದು ಸಲಕ್ಕೆ 10,000 ರೂಪಾಯಿಯವರೆಗೆ ತೆಗೆಯಬಹುದು. ಜನರ ಮಾತಿನಲ್ಲಿ ಇದು ‘ತಂಬ್ ಕೊಡೋದು’.

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿಯ ರೈತರೊಬ್ಬರು ಹೊಲ ಕೊಂಡರೆ ನೋಂದಣಿಗೆ ಹೆಬ್ಬೆಟ್ಟು ಒತ್ತಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೂ ಅದೇ ಬೆರಳು. ಮನೆಯಾಕೆಯ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮಿತ್ರರ ಬಳಿ ತೆಗೆಯುವುದಾದರೆ ಆಕೆಯ ಬೆರಳು. ಮಣ್ಣು ಕೆದಕಿ, ಮೆಣಸಿನಕಾಯಿ ತೊಟ್ಟು ಬಿಡಿಸಿ ಸವೆದ ಬೆರಳನ್ನು ಯಂತ್ರ ಬೇಗ ಗುರುತಿಸುವುದಿಲ್ಲ. ‘ಹತ್ತಲಿಲ್ಲ, ಇನ್ನೊಮ್ಮೆ ಒತ್ತವ್ವ’ ಎಂಬ ಮಾತು ಹುಟ್ಟುವುದು ಇಲ್ಲೇ. ಹೆಚ್ಚಿನ ಸಲ ಅದು ನಿಜ. ಮೊದಲನೆಯದೇ ಹತ್ತಿ ಹಣ ಹೊರಬಂದಿದ್ದರೂ ಹಾಗೆ ಹೇಳಿ ಎರಡನೆಯದನ್ನು ತೆಗೆಯುವುದು ಈ ವಂಚನೆಗೆ ಹತ್ತಿರದ, ಇನ್ನೂ ಸರಳವಾದ ಮೋಸ. ಅದಕ್ಕೆ ನಕಲು ಬೆರಳೂ ಬೇಡ.

ಇತಿಹಾಸ : ಬೆರಳಚ್ಚಿನ ಆಡಳಿತ ಬಳಕೆ ಬಂಗಾಳದಲ್ಲಿ ಶುರುವಾಯಿತು. 1858ರಲ್ಲಿ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆ ಸಾಮಗ್ರಿಯ ಗುತ್ತಿಗೆದಾರ ರಾಜ್ಯಧರ ಕೊನಾಯಿಯಿಂದ ಕರಾರಿನ ಮೇಲೆ ಇಡೀ ಅಂಗೈಯ ಮುದ್ರೆ ಒತ್ತಿಸಿಕೊಂಡ. ‘ಈ ಸಹಿ ನನ್ನದಲ್ಲ’ ಎಂದು ಆತ ಮುಂದೆ ಜಾರಿಕೊಳ್ಳಬಾರದೆಂಬುದಷ್ಟೇ ಉದ್ದೇಶ. 1877ರಲ್ಲಿ ಹೂಗ್ಲಿಯಲ್ಲಿ ಅದೇ ಅಧಿಕಾರಿ ಬೆರಳಚ್ಚನ್ನು ಎರಡು ಕಡೆ ಕಡ್ಡಾಯ ಮಾಡಿದ: ಪಿಂಚಣಿ ಹಂಚುವಲ್ಲಿ ಮತ್ತು ದಸ್ತಾವೇಜು ನೋಂದಾಯಿಸುವಲ್ಲಿ. ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಇವೆರಡೂ ಒಂದಕ್ಕೊಂದು ತಾಗಿ ಕಿಡಿ ಹಾರುತ್ತದೆಂದು ಆಗ ಯಾರು ತಾನೆ ಎಣಿಸಿದ್ದರು? ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ತೆರೆದದ್ದು 1897ರಲ್ಲಿ. ಅಲ್ಲಿನ ವರ್ಗೀಕರಣದ ಹಿಂದೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಪೊಲೀಸ್ ಅಧಿಕಾರಿಗಳ ದುಡಿಮೆಯಿದೆ, ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು.

ಹೆಬ್ಬೆಟ್ಟು ಆಗ ಸಾಕ್ಷಿಯಾಗಿತ್ತು, ಕೀಲಿಯಾಗಿರಲಿಲ್ಲ. ಸಾಕ್ಷಿ ನಾಲ್ಕು ಜನಕ್ಕೆ ಕಾಣಬೇಕು. 1908ರ ನೋಂದಣಿ ಕಾಯಿದೆಯ 57ನೆಯ ಕಲಮು ಸ್ಥಿರಾಸ್ತಿಯ ದಸ್ತಾವೇಜುಗಳ ಪುಸ್ತಕವನ್ನು ಯಾರು ಕೇಳಿದರೂ ತೋರಿಸಬೇಕು, ಪ್ರತಿ ಕೊಡಬೇಕು ಎನ್ನುತ್ತದೆ; ಹೊಲ ಕೊಳ್ಳುವವನು ಮಾರುವವನ ಹಕ್ಕನ್ನು ಪರೀಕ್ಷಿಸಲು ಇದೊಂದು ಮುಖ್ಯ ದಾರಿ. 2001ರ ತಿದ್ದುಪಡಿ 32-ಎ ಕಲಮನ್ನು ಸೇರಿಸಿ, ದಸ್ತಾವೇಜಿನ ಮೇಲೆ ಭಾವಚಿತ್ರ ಮತ್ತು ಬೆರಳಚ್ಚನ್ನು ಕಡ್ಡಾಯ ಮಾಡಿತು. ಮೋಸದ ಮಾರಾಟ ತಡೆಯಲು ಎರಡೂ ಸರಿಯಾದ ನಿಯಮಗಳೇ. ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಅದೇ ಬೆರಳು ಬ್ಯಾಂಕಿನ ಕೀಲಿಯಾಯಿತು, ದಸ್ತಾವೇಜಿನಲ್ಲಿ ಆಧಾರ್ ಸಂಖ್ಯೆಯೂ ಸೇರಿತು. ನೋಂದಣಿ ಕಚೇರಿಯ ಕಪಾಟು ಯಾರಿಗೂ ಗೊತ್ತಾಗದಂತೆ ಕೀಲಿಗೊಂಚಲಾಯಿತು. ಕಳ್ಳರ ಜಾಣತನಕ್ಕಿಂತ ಈ ಬೆಸುಗೆಯೇ ಮುಖ್ಯವೆಂಬುದು ಈ ಲೇಖಕನ ಅಭಿಪ್ರಾಯ.

ಪ್ರಕರಣಗಳು : 2018ರಲ್ಲೇ ತೆಲಂಗಾಣದಲ್ಲಿ ಸಿಮ್ ಮಾರುವವನೊಬ್ಬ ನೋಂದಣಿ ಇಲಾಖೆಯ ಜಾಲತಾಣದ ದಸ್ತಾವೇಜುಗಳಿಂದ ಬೆರಳಚ್ಚು ನಕಲು ಮಾಡಿ ಸಿಮ್ ಚಾಲೂ ಮಾಡಿದ ಆರೋಪದಲ್ಲಿ ಸಿಕ್ಕಿಬಿದ್ದ. ಎಚ್ಚರಿಕೆಗೆ ಅಷ್ಟು ಸಾಕಿತ್ತು. ಐದು ವರ್ಷದ ಮೇಲೆ, 2023ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಮಂಗಳೂರಿನಲ್ಲಿ ಖಾತೆಯ ಹಣ ಹೋದ ದೂರುಗಳು ಸಾಲುಗಟ್ಟಿದವು. ದೂರು ಕೊಟ್ಟ ಹಲವರಲ್ಲಿ ಒಂದು ಸಾಮ್ಯವಿತ್ತು: ಸ್ವಲ್ಪ ಹಿಂದೆ ಆಸ್ತಿ ನೋಂದಣಿ ಮಾಡಿಸಿದ್ದರು. ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ರಾಜ್ಯದ ನೋಂದಣಿ ಕಚೇರಿಗಳು ಬಳಸುವ ಕಾವೇರಿ ತಂತ್ರಾಂಶದ ದಸ್ತಾವೇಜುಗಳತ್ತ ಸಂಶಯ ಹೊರಳಿತು. ಪ್ರತಿಗಳಲ್ಲಿ ಬೆರಳಚ್ಚು ಮರೆಮಾಚಬೇಕೆಂಬ ಮಾತು ಆಮೇಲೆ ಬಲವಾಯಿತು.

ತಡೆ : ಯಂತ್ರವನ್ನು ಹುಸಿಬೆರಳಿನಿಂದ ಮರುಳುಗೊಳಿಸಬಹುದೆಂದು ಯೊಕೊಹಾಮಾದ ತ್ಸುತೊಮು ಮತ್ಸುಮೊತೊ 2002ರಲ್ಲೇ ಜೆಲಟಿನ್ ಬೆರಳುಗಳಿಂದ ತೋರಿಸಿದ್ದರು. ಒತ್ತಿದ್ದು ಜೀವಂತ ಬೆರಳೇ ಎಂದು ನೋಡುವ ತಪಾಸಣೆಯನ್ನು ಆಧಾರ್ ಪ್ರಾಧಿಕಾರ 2023ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಬ್ಯಾಂಕ್ ಮಿತ್ರರ ಪೂರ್ವಾಪರ ವಿಚಾರಿಸುವ ರಿಸರ್ವ್ ಬ್ಯಾಂಕಿನ ನಿರ್ದೇಶನ 2025ರ ಜೂನ್‌ನದು.

ಕಾನೂನು : ಖಾಸಗಿತನ ಮೂಲಭೂತ ಹಕ್ಕು ಎಂಬ ಸುಪ್ರೀಂ ಕೋರ್ಟಿನ 2017ರ ಆಗಸ್ಟ್ 24ರ ತೀರ್ಪಿಗೆ ಕಾರಣವಾದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಅದೇ ಅರ್ಜಿಯ ಮೇಲಿನ 2018ರ ತೀರ್ಪು ಸರ್ಕಾರಿ ಸಹಾಯಧನಕ್ಕೆ ಆಧಾರ್ ಉಳಿಸಿಕೊಂಡಿತು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದಿದ್ದರೆ, ಮೂರು ಕೆಲಸದ ದಿನಗಳೊಳಗೆ ದೂರಿದವರಿಗೆ ನಷ್ಟದ ಹೊಣೆಯಿಲ್ಲ. ದಿನ ಎಣಿಸುವುದು ಬ್ಯಾಂಕಿನ ಸೂಚನೆ ಕೈಸೇರಿದ ಮೇಲೆ. ಮೊಬೈಲ್ ಇಲ್ಲದೆ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದಾಗಲೇ ವಿಷಯ ತಿಳಿಯುವವರು ಈ ಅಂಶವನ್ನು ಬ್ಯಾಂಕಿನಲ್ಲಿ ಒತ್ತಿ ಹೇಳಬೇಕು. ದೂರಿಗೆ ಸಹಾಯವಾಣಿ 1930.

ಗುಪ್ತಪದ ಕದ್ದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಹಾಗಾಗಿ ಹಿಂದೆ ಹೆಬ್ಬೆಟ್ಟು ಒತ್ತಿದ ಕ್ರಯಪತ್ರ ಇರುವವರು ಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್‌ಗೆ ಬೀಗ ಹಾಕಿಕೊಳ್ಳುವುದು ಲೇಸು. ಪಡಿತರಕ್ಕೆ ಹೋಗುವ ಮುನ್ನ ಮಾತ್ರ ಅದನ್ನು ತಾತ್ಕಾಲಿಕವಾಗಿ ತೆರೆಯಬೇಕು. ಮರೆತರೆ ಅಕ್ಕಿ ಸಿಗದು.